ಮಂಗಳವಾರದ ಏಣಿ

ಗ್ರಿಮ್ಸ್‌ಬಿ ಬಂದರಿನ ಹಳೇ ಐಸ್ ಫ್ಯಾಕ್ಟರಿಯ ಹಿಂದೆ
ಎರಡನೇ ಮಹಡಿಯ ಕೋಣೆಯಲ್ಲಿ, ಸಂಜೆ ಆರೂವರೆಗೆ,
ಬೆರಿಲ್ ಸ್ಟಾಲರ್ಡ್ ಬೋರ್ಡಿನ ಮೇಲೊಂದು ಏಣಿ ಬರೆಯುತ್ತಾಳೆ.

ತುತ್ತತುದಿಗೆ ಮಸ್ಟ್ ಹ್ಯಾವ್: ನೂರಕ್ಕೆ ತೊಂಬತ್ತೈದು.
ನಡುವೆ ಮೇ ಹ್ಯಾವ್. ಅದರ ಕೆಳಗೆ
ಒಂದು ಮೆಟ್ಟಿಲಷ್ಟು ಸವೆದ ಮೈಟ್ ಹ್ಯಾವ್.
ಪಕ್ಕದಲ್ಲಿ, ಎಲ್ಲಿ ನಿಲ್ಲಲೆಂದು ತಿಳಿಯದ ಕುಡ್ ಹ್ಯಾವ್.
ನೆಲಕ್ಕೆ ಕಾಂಟ್ ಹ್ಯಾವ್: ಸೊನ್ನೆ, ಇಲ್ಲವೇ ಸೊನ್ನೆಯ ನೆರೆಮನೆ.
"ಕಣ್ಣಾರೆ ಕಂಡವರಿಗೆ ಏಣಿ ಬೇಡ," ಅನ್ನುತ್ತಾಳೆ,
"ಇದು ಉಳಿದವರಿಗೆ."

ಇವತ್ತಿನ ಚಿತ್ರ ಒಂದು ಅಡುಗೆಮನೆ.
ಒಡೆದ ಕಿಟಕಿ, ಮಗುಚಿದ ಕುರ್ಚಿ, ಅರ್ಧ ಕುಡಿದ ಚಹಾ,
ಮೇಜಿನ ಮೇಲೊಂದು ಬೆಕ್ಕು,
ಪೊಲೀಸರು ಕೇಳಿದರೂ ಬಾಯಿ ಬಿಡದ ಮುಖದ್ದು.
ಏನಾಗಿರಬೇಕು? ಏನಾಗಿರಬಹುದು? ಏನಾಗಿರಲಾರದು?

ವೈದೋಟಾಸ್, ದಿನವಿಡೀ ಮೀನು ಪ್ಯಾಕ್ ಮಾಡಿ
ಬೆರಳು ಬಿಳಿಚಿಕೊಂಡವನು: "ಕಳ್ಳ ಬಂದಿರಬೇಕು."
ರೋಜಿನ್: "ಬೆಕ್ಕೇ ಕೆಡವಿರಬಹುದು.
ಕಳ್ಳ ಕೂತು ಚಹಾ ಕುಡಿಯುತ್ತಾನೆಯೇ?"
"ಕುಡಿದಿರಲಾರ," ಹಸಿರು ಪೆನ್ನಿನಲ್ಲಿ ತಿದ್ದುತ್ತಾಳೆ ಬೆರಿಲ್.
ಅಜಿಯೆಬ್ ಹಾಳೆಯನ್ನು ತಿರುಗಿಸಿ ತಿರುಗಿಸಿ ನೋಡಿ
"ಇವರು ಅವಸರದಲ್ಲಿ ಹೊರಟಿರಬೇಕು," ಅನ್ನುತ್ತಾಳೆ.
"ಕಿಟಕಿ ಆಮೇಲೆ ಒಡೆದಿರಬಹುದು."
ವ್ಯಾಕರಣ ಪೂರ್ತಿ ಸರಿ.
ಸ್ವಲ್ಪ ಹೊತ್ತು ಹೀಟರ್ ಒಂದೇ ಟಕಟಕ ಅನ್ನುತ್ತದೆ.

(ನಮ್ಮ ಮಾತಿನಲ್ಲಿ ನೋಡಿ, ಬಂದಿರಬೇಕು ಅಂದರೆ
ಬೇಕು ಅನ್ನುವ ಆಸೆಯೂ ಬಾಲ ಹಿಡಿದು ಬರುತ್ತದೆ.
ಖಾತ್ರಿಗೂ ಹಂಬಲಕ್ಕೂ ಒಂದೇ ಪದ ಸಾಕೆಂದು
ತೀರ್ಮಾನಿಸಿದರು ಯಾರೋ ಹಿಂದಿನವರು.
ಜಿಪುಣರಿದ್ದಿರಬೇಕು. ಜಾಣರೂ ಇದ್ದಿರಬಹುದು.)

ಬೆರಿಲ್‌ಗೆ ಈ ಏಣಿ ಪುಸ್ತಕದಿಂದ ಸಿಕ್ಕಿದ್ದಲ್ಲ.
ಅವಳಿಗೆ ಏಳು ವರ್ಷವಿದ್ದಾಗ ಅಪ್ಪನ ಟ್ರಾಲರ್
ಉತ್ತರದ ಹಿಮಗಾಳಿಗೆ ಹೋಗಿ, ಒಂದು ಭಾನುವಾರ
ಅದರ ವೈರ್‌ಲೆಸ್ ಸುಮ್ಮನಾಯಿತು.
ಮೊದಲ ವಾರ ಅಮ್ಮ:
ಭರತದ ಹೊತ್ತು ತಪ್ಪಿ ಹೊರಗೇ ನಿಂತಿರಬೇಕು.
ಮೂರನೇ ವಾರ: ಐಸ್‌ಲ್ಯಾಂಡಿನವರು ಎತ್ತಿಕೊಂಡಿರಬಹುದು.
ಈಸ್ಟರ್ ಹೊತ್ತಿಗೆ: ತಲೆಗೆ ಪೆಟ್ಟಾಗಿ
ಊರಿನ ಹೆಸರು ಮರೆತಿದ್ದರೂ ಮರೆತಿರಬಹುದು.
ಮುಳುಗಿರಲಾರ, ಈಜು ಬರುತ್ತಿತ್ತು,
ಇದನ್ನು ಮಾತ್ರ ಪಾತ್ರೆ ಉಜ್ಜುವಾಗ ಹೇಳುತ್ತಿದ್ದಳು,
ನಲ್ಲಿಗೆ.

ಕಂಪನಿಯ ಗುಮಾಸ್ತ ತಂದ ಕಾಗದದ ವ್ಯಾಕರಣವೇ ಬೇರೆ:
"ಹಡಗು ಮುಳುಗಿದೆಯೆಂದು ಭಾವಿಸಲಾಗಿದೆ."
ಭಾವಿಸಿದವರು ಯಾರು? ಆ ವಾಕ್ಯದಲ್ಲಿ ಜನರೇ ಇರಲಿಲ್ಲ.
ಕೆಳಗೆ ಸಂಬಳದ ಲೆಕ್ಕವಿತ್ತು,
ವೈರ್‌ಲೆಸ್ ಸುಮ್ಮನಾದ ಭಾನುವಾರದ ತನಕ.

ಹನ್ನೊಂದು ವರ್ಷ ಒಂದೊಂದೇ ಮೆಟ್ಟಿಲು ಇಳಿದು
ಕೊನೆಗೊಂದು ಶನಿವಾರ, ಗುಜರಿಯವನ ಗಾಡಿಗೆ
ಅವನ ಇನ್ನೊಂದು ಜೊತೆ ಬೂಟು ಕೊಡುತ್ತಾ ಅಮ್ಮ
"ಇವು ಅವನಿಗೆ ಬಿಗಿಯಾಗಿದ್ದವು" ಅಂದಳು.
ಅಷ್ಟೇ. ಬೇಕು ಇಲ್ಲ, ಬಹುದು ಇಲ್ಲ.
ಬರಿಯ ಭೂತಕಾಲ,
ಎಡಗಾಲಿನ ಹೆಬ್ಬೆರಳ ಬಳಿ ಉಬ್ಬಿದ ಚರ್ಮ.
ಗುಜರಿಯವ ಎರಡು ಶಿಲಿಂಗ್ ಕೊಟ್ಟ.

ಎಂಟಕ್ಕೆ ಕಾವಲುಗಾರ ಬಂದು ಬೀಗದ ಕೈ ಅಲ್ಲಾಡಿಸುತ್ತಾನೆ.
"ಶುಡ್ ಹ್ಯಾವ್ ಎಲ್ಲಿದೆ?" ವೈದೋಟಾಸ್
ಪುಸ್ತಕದ ಮುಂದಿನ ಪುಟ ಎತ್ತಿ ಹಿಡಿಯುತ್ತಾನೆ.
"ಅದು ಏಣಿಯಲ್ಲಿಲ್ಲ," ಬೋರ್ಡು ಒರೆಸುತ್ತಾಳೆ ಬೆರಿಲ್,
"ಅದಕ್ಕೆ ಪೂರ್ತಿ ಒಂದು ವಾರ ಬೇಕು."

ಅಜಿಯೆಬ್ ಕೋಟಿನ ಗುಂಡಿ ಹಾಕಿಕೊಳ್ಳುತ್ತಾ ಗಡಿಯಾರ ನೋಡಿ
"ಬಸ್ಸು ಹೋಗಿರಲಾರದು" ಅನ್ನುತ್ತಾಳೆ,
ಮೂವರೂ ಮೆಟ್ಟಿಲಿಳಿದು ಓಡುತ್ತಾರೆ.