ಕುಣಿಗೊಂದು ಹಲಗಿ

ಬೆಟಗೇರಿ ಓಣ್ಯಾಗ ನಮ್ಮದು ಕುಣಿಮಗ್ಗ.
ಅಪ್ಪ ಕಾಲು ಇಳಿಬಿಟ್ಟು ಕುಂತ ಕುಣಿ,
ಆಮ್ಯಾಲ ನಂದು.
ನಲವತ್ತೆರಡು ವರ್ಷ ಅದರಾಗ ಇಳದು
ಮುಂಜಾನಿಂದ ಸಂಜೀತನಕ ಲಾಳಿ ಒಗದೀನಿ,
ಒಮ್ಮಿಯೂ ಅದನ್ನ ತೆಗ್ಗು ಅಂದಿದ್ದಿಲ್ಲ.

ಮೊನ್ನೆ ಮಂಗಳವಾರ ಮೊಮ್ಮಗಳು ಇಂಚರಾ,
ಓಣಿಗೆಲ್ಲಾ ಇಂಚಿ,
ಕೌದಿ ಅಂಚು ದಾಟಿ
ಎರಡು ಕೈ ಎರಡು ಮೊಣಕಾಲ ಮ್ಯಾಲ
ಮಗ್ಗದ ಕಡೆ ಹೊಂಟ್ಲು.
ನೂಲು ಹರೀತು. ನಾನಽ ಹರಕೊಂಡೆ.
ಅವತ್ತಿಂದ ಅದು ತೆಗ್ಗು.

“ನಿಂತು ನೋಡಿದ್ರ ಏನೂ ಕಾಣಂಗಿಲ್ರೀ ಮಾವಾರ,
ಆಕಿ ಎತ್ತರಕ್ಕ ಇಳದು ನೋಡ್ರಿ” ಅಂದ್ಲು ಸೊಸಿ ಅಂಬಿಕಾ.
ಇಳದೆ.
ಅರವತ್ತೊಂದರ ಮೊಣಕಾಲು ಲಟಲಟ ಅಂದುವು.
ಹಾಸಗಲ್ಲಿಗೆ ಗದ್ದ ಹಚ್ಚಿ ಕಣ್ಣು ಎತ್ತಿದೆ:
ಇದು ನಮ್ಮ ಮನಿ ಹೌದೋ ಅಲ್ಲೋ!
ಪ್ಲಗ್ಗಿನ ತೂತು ಮೂಗು ಅರಳಿಸಿ ಕರೀತಿತ್ತು, ಬಾ, ಬೆರಳು ಹಾಕು.
ಕಪಾಟಿನ ತೆಳಗ ಗುಂಡನ್ನ ಸೆಲ್ಲು, ಹುಣಸೀಬೀಜದಷ್ಟು.
ನೂಲು ಕೊಯ್ಯಾಕ ನಾನಽ ಇಟ್ಟು ನಾನಽ ಮರೆತ ಅರ್ಧ ಬ್ಲೇಡು.
ಟೇಬಲ್ಲಿಂದ ಜೋತ ಅರಿಬಿ, ಅರಿಬಿ ಮ್ಯಾಲ ನನ್ನ ಚಹಾ.
ಮತ್ತ ಹೆಂಡತಿ ಹುಡುಕಿ ಹುಡುಕಿ ಅತ್ತಿದ್ದ ಮೂಗಬಟ್ಟು.
ಅದರ ಸಲುವಾಗಿ ಸೊಸಿ ಬೈಸಿಕೊಂಡಿದ್ಲು,
ಪಾಪ, ಒಂದು ವಾರ.

ಹೊರಗ ಬಂದೆ, ಹಂಗಽ ಅಂಬೆಗಾಲಿಲೆ.
ಎದುರುಮನಿ ಖತೀಜಾಬಿ ನಕ್ಕಳು, “ಏನು ಕಳಕೊಂಡ್ರಿ ಕಾಕಾ?”
ಇನ್ನೂ ಇಲ್ಲವಾ, ಅಂದೆ.

ನಳ ಬರೂದು ಹತ್ತು ದಿನಕ್ಕೋ ಹನ್ನೆರಡಕ್ಕೋ.
ಬಂದ ರಾತ್ರಿ ಹಂಡೆ, ಕೊಡ, ಬಕೀಟು, ನೀಲಿ ಬ್ಯಾರಲ್ಲು,
ಕಡೀಕ ಪಾತೇಲಿನೂ ತುಂಬಿಸಿ ಸಾಲಿಗೆ ನಿಲ್ಲಸ್ತೀವಿ.
ನೀರಿಲ್ಲದ ಊರಾಗ
ಮುಳಗಾಕ ಎಷ್ಟೊಂದು ಜಾಗಾ!
ಗೇಣು ನೀರು ಸಾಕಂತ.
ಗೇಣು ಹಚ್ಚಿ ನೋಡಿದೆ,
ಇಂಚಿ ಮಾರಿ ಅಷ್ಟಽ ಐತಿ.

ಅವ್ವ ನೆನಪಾದ್ಲು.
ದೀಪ ಆರಸೂದಕಿಂತ ಮೊದಲ ಹಿತ್ತಲಕ ಹೋಗಿ
ಹೌದಿನ ಮ್ಯಾಲ ಹಲಗಿ, ಹಲಗಿ ಮ್ಯಾಲ ಒಳ್ಳು ಹೇರಿ,
ಆ ಕಲ್ಲು ಮುಟ್ಟಿ ಕೈ ಕಣ್ಣಿಗೆ ಒತ್ತಿಕೊಳ್ಳಾಕಿ.
ದೇವರಿರಬೇಕಂತ ನಾವೂ ಒತ್ತಿಕೊಂಡ್ವಿ.
ನಾವು ಐದು ಮಂದಿ.
ಹಾಸಿಗ್ಯಾಗ ಅವ್ವ ತಲಿ ಮುಟ್ಟಿ ಎಣಸೂವಾಗ
ದಿನಾ ಆರಕ್ಕ ಮುಗೀತಿತ್ತು.
ಲೆಕ್ಕ ಬರೂದಿಲ್ಲ ಅವ್ವಗ, ಅಂತ ನಗತಿದ್ದೆ ನಾನು.

ಮೌನೇಶ ಬಡಿಗ್ಯಾರ ಬಂದು ಅಳತಿ ತಗೊಂಡ.
ಕುಣಿಗೊಂದು ಸಾಗವಾನಿ ಹಲಗಿ, ಬೆರಳು ಸಿಗದಂಗ ಅಂಚು ಹೆರದು.
ಬ್ಯಾರಲ್ಲಿಗೆ ಮುಚ್ಚಳ, ಪ್ಲಗ್ಗಿಗೆ ಮುಚ್ಚಳ, ಬ್ಲೇಡು ಜಂತಿಗೆ.
ಓಣಿ ಮೂಲಿ ಕಂಬದಾಗ ಬಾಗಲಾ ಕಿತ್ತ ಕರೆಂಟಿನ ಡಬ್ಬಿ:
ಅದಕ್ಕ ಹೆಸ್ಕಾಂ ಆಫೀಸಿಗೆ ಏಳು ಸಲ ಅಡ್ಡಾಡಿದೆ.
ಎಂಟನೇ ಸಲ ಇಂಚೀನ್ನ ಬಗಲಾಗ ಹೊತಗೊಂಡು ಹೋಗಿ
ಸಾಹೇಬರ ಟೇಬಲ್ ಮ್ಯಾಲ ಕುಂಡ್ರಿಸಿದೆ.
ಸ್ಟಾಪ್ಲರ್ ಹಿಡದಳು, ಮೊಹರು ಹಿಡದಳು, ಗುಂಡಪಿನ್ನಿನ ಡಬ್ಬಿಗೆ ಕೈ ಹಾಕಿದಳು.
ಸಾಹೇಬರಽ ಹೌಹಾರಿ ಎದ್ದರು.
ಸಂಜಿಗೆ ಡಬ್ಬಿಗೆ ಬಾಗಲಾ ಬಂತು.

ಆತು ಅಂದಕೊಂಡೆ.
ಆಕಿ ನಿಂತಳು.
ಜಂತಿ ಒಂದು ಬಿಟ್ಟು
ಮನ್ಯಾಗಿನ ಎಲ್ಲಾ ಸಾಮಾನು
ಒಂದು ಗೇಣು ತೆಳಗ ಇಳದಂಗ ಆತು.
ಮತ್ತ ಮೊದಲಿಂದ.

ಈಗ ಮುಂಜಾನೆ ಹಲಗಿ ಸರಿಸಿ
ನಾನು ಕುಣ್ಯಾಗ ಕಾಲು ಇಳಿಬಿಡೂದು ಕಂಡ್ರ ಸಾಕು,
ಅವ್ವನ ಬಗಲಿಂದ ಜಾರಿ ತಡವರಿಸಿಕೋತ ಬರ್ತಾಳ,
ಬರಬ್ಯಾಡಂದ್ರ ಕೇಳಂಗಿಲ್ಲ,
ನನ್ನ ತೋಳಿಗೆ ಆತು ನಿಂತು
ಹಲಗಿ ತುದಿ ಹಿಡದು ಎಳೀತಾಳ,
ನಾ ಒಳಗಿರೂವಾಗಲೇ ಮುಚ್ಚಾಕ.
ಮಾರಿ ಕೆಂಪಗ, ಹಲ್ಲು ಎರಡು.

ನಾ ಲಾಳಿ ಕೆಳಗಿಟ್ಟು
ಮ್ಯಾಲ ಬರ್ತೀನಿ.