ಕೊನೆಯ ಚೀಲ

ಕೂಡಿಗೆಯ ಕ್ಯೂರಿಂಗ್ ವರ್ಕ್ಸಿನ ಸ್ಯಾಂಪಲ್ ಕೋಣೆ.
ಗೋಡೆಯಾಚೆ ಹಲ್ಲರ್ ಯಂತ್ರ; ಅದು ತಿರುಗುವಷ್ಟು ಹೊತ್ತು
ಮೇಜು, ಕೀಬೋರ್ಡು, ಲೋಟದ ಕಾಫಿಯ ಕೆನೆ
ಎಲ್ಲಕ್ಕೂ ಸಣ್ಣ ನಡುಕ.

ಯಾರ ಲಾಟಿಗೆ ಎಷ್ಟು ಅಂಕ, ಯಾರ ಬೀಜಕ್ಕೆ ಬೂಷ್ಟಿನ ವಾಸನೆ
ಹರಾಜಿಗೆ ಮುಂಚೆ ಹೊರಗೆ ಬೀಳಬಾರದು.
ಅದಕ್ಕೇ ಈ ಪ್ರೋಗ್ರಾಮು:
ಕಡತವನ್ನು ಹದಿನಾರು ಹದಿನಾರು ಬೈಟಿನಂತೆ ಕತ್ತರಿಸಿ
ಕಲಸಿ, ಬೀಗ ಹಾಕಿ, ಪಕ್ಕಕ್ಕಿಡುತ್ತದೆ.
ಕೀಲಿ ಕೊಟ್ಟರೆ ಬಿಚ್ಚುತ್ತದೆ.
ಬಿಚ್ಚುತ್ತದೆ, ಹೌದು. ಆದರೆ ಮೂರು ದಿನದಿಂದ
ಕೊನೆಯಲ್ಲೊಂದಿಷ್ಟು ಕಸ.

ದೊಡ್ಡ ಕಡತ ಬಿಟ್ಟು ಒಂದೇ ಹೆಸರು ಕೊಟ್ಟು ನೋಡಿದೆ,
ಎದುರಿಗೆ ಕೂತು ಬೀಜ ಆರಿಸುತ್ತಿದ್ದವರದ್ದು.
ಒಳಗೆ ಹೋದದ್ದು ಬೊಳ್ಳಮ್ಮ.
ಹೊರಗೆ ಬಂದದ್ದು ಬೊಳ್ಳಮ್ಮ,
ಆಮೇಲೊಂದು ಮುರುಕು ಚೌಕ, ಆಸರೆಯಿಲ್ಲದ ಒಂದು ಳ ಒತ್ತು,
ಇನ್ನೊಂದು ಮುರುಕು ಚೌಕ.
"ನನಗ್ಯಾಕಮ್ಮ ಬಾಲ?" ಅಂದರು, ಕನ್ನಡಕ ಮೇಲೇರಿಸಿ.

ಕಾಗದ ತಗೊಂಡು ಎಣಿಸಿದೆ.
ನಮ್ಮ ಬಾಯಿಗೆ ಮೂರಕ್ಷರ.
ಯಂತ್ರಕ್ಕೆ ಎಂಟು ಚೂರು: ಬ ಬೇರೆ, ಅದರ ಒತ್ವ ಬೇರೆ,
ಳ, ಮತ್ತೆ ಳ, ನಡುವೆ ಅಂಟಿಸುವುದಕ್ಕೊಂದು ಗುರುತು,
ಮ್ಮ ಕೂಡ ಹಾಗೇ.
ಚೂರಿಗೆ ಮೂರು ಬೈಟು, ಒಟ್ಟು ಇಪ್ಪತ್ತನಾಲ್ಕು.
ಹದಿನಾರರ ಕತ್ತಿ ಸೀದಾ ಮೊದಲ ಮ ಮೇಲೆ ಬಿದ್ದಿತ್ತು,
ಒಂದು ಬೈಟು ಈಚೆ, ಎರಡು ಆಚೆ.
ಎರಡನೆಯ ಕಂತಿಗೆ ಎಂಟೇ ಬೈಟು. ಮಿಕ್ಕ ಎಂಟು ಖಾಲಿ.
ಖಾಲಿ ಅಂತ ನಾನಂದುಕೊಂಡದ್ದು.

ಬೊಳ್ಳಮ್ಮ ಎದ್ದರು. ಸ್ಯಾಂಪಲ್ ಚೀಲವೊಂದನ್ನು ತಲೆಕೆಳಗು ಮಾಡಿ
ಮೇಜಿನ ಕಾಲಿಗೆ ಫಟ್ ಫಟ್ ಬಡಿದರು.
ಹಿಂದಿನ ಲಾಟಿನ ನಾಲ್ಕು ಬೀಜ ನೆಲಕ್ಕುರುಳಿದವು.
ನನಗೆ ಹೇಳಿದ್ದೇನಲ್ಲ; ಅದು ಅವರ ದಿನದ ಕೆಲಸ.
ನಾನು ಮಾತ್ರ ಆ ನಾಲ್ಕು ಬೀಜ ನೋಡುತ್ತ ಕೂತೆ.

ಒಂದೇ ಬಫರು. ಅದಕ್ಕೇ ಮತ್ತೆ ಮತ್ತೆ ತುಂಬುತ್ತಿದ್ದೆ,
ಕೊಡವದೆ.
ಬಾಲ ಅವರದೇ ಹೆಸರಿನ ನಡುವಿನದ್ದು.

ಸೊನ್ನೆ ತುಂಬಿದೆ. ಬಾಲ ಹೋಯಿತು; ಜೊತೆಗೆ
ಬೀಜದ ಫೋಟೋ ಒಂದರ ತುದಿಯ ನಿಜವಾದ ಸೊನ್ನೆಗಳೂ ಹೋದವು.
ಕಡೆಗೆ ಎಲ್ಲರೂ ಮಾಡುವುದನ್ನೇ ಮಾಡಿದೆ:
ಎಷ್ಟು ಖಾಲಿಯೋ ಆ ಲೆಕ್ಕವನ್ನೇ ಖಾಲಿಯಲ್ಲಿ ಬರೆ.
ಎಂಟು ಖಾಲಿಯೇ, ಎಂಟು ಸಲ ಎಂಟು.
ಬಿಚ್ಚುವವನು ಕಟ್ಟಕಡೆಯದ್ದನ್ನು ಓದಿ, ಅಷ್ಟು ಚೆಲ್ಲಿ,
ಉಳಿದದ್ದನ್ನು ನಂಬುತ್ತಾನೆ.

"ಪೂರ್ತಿ ತುಂಬಿದ್ದರೆ?"
ತುಂಬಿದ್ದರೂ ಹಿಂದೊಂದು ಖಾಲಿ ಕಂತು ಕಳಿಸಬೇಕು,
ಹದಿನಾರು ಸಲ ಹದಿನಾರು ಬರೆದು, ಅಂದೆ.
ಬೊಳ್ಳಮ್ಮ ನಗುತ್ತ ನಗುತ್ತ ಕೆಮ್ಮಿದರು.
"ತುಂಬಿದ ಲಾರಿಯ ಹಿಂದೆ ಖಾಲಿ ಲಾರಿ!
ಡೀಸೆಲ್ ಯಾರಪ್ಪನದು?"

ಹಲ್ಲರ್ ನಿಂತಿತು. ಲೋಟದ ಕೆನೆ ನಿಂತಿತು.
ಓಡಿಸಿದೆ. ಬೊಳ್ಳಮ್ಮ ಹೋದರು, ಬೊಳ್ಳಮ್ಮ ಬಂದರು.
ಅವರು ಪರದೆಯತ್ತ ಬಗ್ಗಿ
ಹೆಸರಿನ ಮುಂದಿನ ಬಿಳಿ ಜಾಗವನ್ನು
ಬೆರಳಿನಿಂದ ಒಮ್ಮೆ ಒರೆಸಿ ನೋಡಿದರು.