ಒಂದೇ ಮುಳ್ಳು

ಬೇಡ ಅನ್ನಲಿ ಅಂತಲೇ ಐನೂರು ರಿಯಾಲ್ ಅಂದೆ.
ಸುಆದ್ ಮೇಡಂ ಕನ್ನಡಕ ಒರೆಸಿಕೊಂಡು
‘ಶುಕ್ರವಾರ ತಾ’ ಅಂದುಬಿಟ್ಟರು.

ಅವರಲ್ಲಿಗೆ ನಾನು ಹೋದದ್ದು ಅಡುಗೆಮನೆಯ ಕಪಾಟು ಕೂರಿಸಲು:
ಒತ್ತಿದ ಹೊಟ್ಟಿನ ಹಲಗೆ, ಮೇಲೆ ತೇಗದ ಚಿತ್ರದ ಕಾಗದ.
ಹದಿನಾಲ್ಕು ವರ್ಷದಿಂದ ಮಸ್ಕತ್ತಿನ ಮನೆಮನೆಗೆ
ಮರದ ಫೋಟೊ ಅಂಟಿಸಿ ಬರುವವನು ನಾನು,
ಬೈಂದೂರಿನ ಪುಟ್ಟಯ್ಯಾಚಾರಿಯ ಮೊಮ್ಮಗ.
ಅಜ್ಜ ಕಂಡಿದ್ದರೆ ಉಳಿ ಬಚ್ಚಿಡುತ್ತಿದ್ದ.
ಫೋನಿನಲ್ಲಿ ಅಳತೆ ಹುಡುಕುವಾಗ
ಗಡಿಯಾರದ ಚಿತ್ರ ಸರಿದುಹೋಯಿತು.
‘ನಿಲ್ಲು, ಹಿಂದಕ್ಕೆ ಹೋಗು’ ಅಂದರು.

ಮುತ್ರಾದ ಗುಜರಿಯಲ್ಲಿ ಸಿಕ್ಕ ಒಡಕು ದೋಣಿಯ ಹಲಗೆ,
ಉಪ್ಪು ಕುಡಿದು ಕಪ್ಪಾದ ತೇಗ.
ಮೇಲಿನ ಮಂಚದಲ್ಲಿ ತಲೆ ಬಗ್ಗಿಸಿ ಕೂತು
ಮುರುಕು ಹ್ಯಾಕ್ಸಾ ಬ್ಲೇಡಿನಲ್ಲಿ ಒಂದೊಂದೇ ಹಲ್ಲು ಕೊಯ್ದೆ.
ಪುಡಿ ಕೆಳಗಿನ ಶಫೀಕುಲನ ಅನ್ನಕ್ಕೆ ಉದುರಿ
ಮೂರು ದಿನ ಮಾತು ಬಿಟ್ಟಿದ್ದೆವು.
ತೂಕಕ್ಕೆ ನಿಡೊ ಡಬ್ಬಿ, ಅದರ ತುಂಬ ಮರಳು;
ಮರಳಿಗೇನು ಈ ಊರಲ್ಲಿ ಬರವೆ?
ಮುಳ್ಳು ಒಂದೇ, ಗಂಟೆಯದು.
ನಿಮಿಷ ಎಣಿಸಲು ಫೋರ್‌ಮನ್ ಇದ್ದಾನೆ.

ಶುಕ್ರವಾರ ಲುಂಗಿಯಲ್ಲಿ ಸುತ್ತಿ
ಟ್ಯಾಕ್ಸಿಯ ಹಿಂದಿನ ಸೀಟಿನಲ್ಲಿ ಬೆಲ್ಟು ಹಾಕಿ ಕೂರಿಸಿ ಒಯ್ದೆ.
ಗೋಡೆಗೆ ಹಾಕಿ ಲೋಲಕ ತಟ್ಟಿದೆ.
ಆ ಮನೆಯ ತಂಪಿಗೆ ಒಂದು ಗಳಿಗೆ ತಡವರಿಸಿತು,
ಆಮೇಲೆ ನಡೆಯಿತು,
ಯಾರ ಗೋಡೆಯಾದರೇನು ಅನ್ನುವ ಹಾಗೆ.
‘ಡಬ್ಬಿ ಬೇಡ’ ಅಂದರು ಮೇಡಂ.
ಅವರಪ್ಪನ ಒಣಮೀನಿನ ಅಂಗಡಿಯ ಹಿತ್ತಾಳೆ ಬಟ್ಟು ತಂದರು,
ಅದನ್ನೇ ತೂಗುಹಾಕಿದೆ.
‘ಕೆಳಗೆ ಹೆಸರು ಬರೆ.’
ಪೆನ್ಸಿಲ್ ಕಿವಿಯ ಮೇಲೇ ಇತ್ತು.
ಹಾಜರಿ ಪುಸ್ತಕ ಬಿಟ್ಟರೆ ಬೇರೆಲ್ಲೂ ಬರೆದವನಲ್ಲ.
ಶೀನ ಅಂತ ಬರೆದೆ. ದೀರ್ಘ ಎಳೆಯುವಾಗ ಸೀಸ ಮುರಿಯಿತು.
‘ಯಾವ ಕಡೆಯಿಂದ ಓದುವುದು?’
ಎಡದಿಂದ, ಅಂದೆ.

ಡಬ್ಬಿ ತೊಡೆಯ ಮೇಲಿಟ್ಟುಕೊಂಡು ಗಾಲಾಕ್ಕೆ ಬಂದೆ.
ಕಿಸೆಯ ನೋಟು ಎಣಿಸಲಿಲ್ಲ.
ರಾತ್ರಿ ಎರಡಕ್ಕೆ ಶಫೀಕುಲ್ ಎದ್ದು ಕೂತ.
‘ಏನೋ ನಿಂತುಹೋಗಿದೆ’ ಅಂದ.
ಏಸಿ ಮುಟ್ಟಿ ನೋಡಿದ, ಫ್ರಿಜ್ಜು ಮುಟ್ಟಿ ನೋಡಿದ.
ಮಲಗು ಮಾರಾಯ, ಅಂದೆ.

ದಿಂಬಿನಡಿ ಇನ್ನೆರಡು ವರ್ಷದ ಕರಾರು ಪತ್ರ;
ನಾಳೆ ಸಹಿ ಹಾಕಿ ಕೊಡಬೇಕು.
ವೃತ್ತಿ ಎಂಬಲ್ಲಿ: ಹೆಲ್ಪರ್.
ಫೋನಿನ ಬೆಳಕಿನಲ್ಲಿ ಎರಡು ಸಲ ಓದಿದೆ. ತಿರುಗಿಸಿದೆ.
ಹಿಂಬದಿ ಖಾಲಿ. ಒಳ್ಳೆ ದಪ್ಪ ಕಾಗದ.

ಮೂರನೇ ಚಕ್ರ ಮೊದಲಿಂದಲೂ ಒಂಚೂರು ಉಜ್ಜುತ್ತಿತ್ತು.
ಯಾರಿಗೂ ಹೇಳಿರಲಿಲ್ಲ, ಮೇಡಂಗೂ.
ನಿಡೊ ಡಬ್ಬಿಯನ್ನು ಕಾಗದದ ಮೇಲೆ ಒತ್ತಿ ಹಿಡಿದು
ಸುತ್ತ ಪೆನ್ಸಿಲ್ ಎಳೆದೆ.
ಹಲ್ಲು ಅರವತ್ತು ಬೇಡ,
ಅರವತ್ನಾಲ್ಕು ಮಾಡಿ ನೋಡಿದರೆ?